ಎರಡು ಕ್ರೆಡಿಟ್‌ನ ಪೇಪರ್

ಎಂ.ಎ. ಸೀಟಿಗೆ ಕರುಣಾಳಿಗೆ ಪದವಿಯಲ್ಲಿ ಸರಾಸರಿ 5.5 ಗ್ರೇಡ್ ಪಾಯಿಂಟ್ ಬೇಕಿತ್ತು, ಇದ್ದದ್ದು 5.40. ಹಗಲೆಲ್ಲ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟಿ, ಔರಾದಕ್ಕೆ ಮರಳುವ ಬಸ್ಸಿನಲ್ಲಿ ನಿಂತೇ ಓದಿ, ಸುಲಭವಾದ ಒಂದು ಪೇಪರನ್ನು ಮತ್ತೆ ಬರೆದಿದ್ದಳು. ಅದರಲ್ಲಿ ನಾಲ್ಕಿದ್ದ ಪಾಯಿಂಟ್ ಎಂಟಾಗಿತ್ತು.

ಅವಳು ಓದಿದ ಭಾಲ್ಕಿಯ ಕಾಲೇಜಿನ ಗುಮಾಸ್ತ ಮಲ್ಲಿಕಾರ್ಜುನಪ್ಪ ಲೆಕ್ಕ ಹಾಕಿ ತಲೆಯೆತ್ತಿದರು.

"5.47 ಆತವ್ವಾ."

"ಇಷ್ಟೇ ಏನ್ರಿ ಸರ್? ಡಬಲ್ ಆಗ್ಯಾವಲ್ರಿ!"

"ಪಾಯಿಂಟಿಗೆ ಪೇಪರಿನ ತೂಕ, ಅಂದ್ರ ಕ್ರೆಡಿಟ್, ಗುಣಿಸ್ತಾರ. ಇದಕ್ಕ ಎರಡೇ ಕ್ರೆಡಿಟ್. ನಾಲ್ಕು ಕ್ರೆಡಿಟಿನ ಅರ್ಥಶಾಸ್ತ್ರ ಹಿಂಗ ಬರ್ದಿದ್ರ ದಾಟ್ತಿದ್ದಿ. ಅದಕ್ಯಾಕ ಅಂಜಿದಿ?"

"ಎರಡು ಸಲ ಬಿದ್ದು ಪಾಸಾಗೀನ್ರಿ. ಅಂಜಲಾರದ ಏನ್ ಮಾಡ್ಲಿ?"

ಅವರು ನಕ್ಕರು. ಕರುಣಾ ನಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು, ನಾಲ್ಕು ಕ್ರೆಡಿಟಿನ ಲೆಕ್ಕವನ್ನು ತಾನೇ ಹಾಕಿ ನೋಡಿದಳು. ಆಮೇಲೆ ಒಳಗೆ ಬಂದು, "ಅರ್ಥಶಾಸ್ತ್ರದ್ದು ಫಾರ್ಮ್ ಕೊಡ್ರಿ" ಎಂದಳು.