ಮಾವಶಿಯ ಕುಲಾವಿ ಟಮಾಟಿ

ಸುಮಿತ್ರಾ ಮಾವಶಿ ಬಂದವರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. ಏನು ತಂದಿದ್ದಾರೆಂದು ಅಲ್ಲ. ಹೋಗುವಾಗ ಆ ಕೈಗೆ ಏನು ಹಿಡಿಸಬಹುದೆಂದು. ಹಾಲು ಹಾಕುವವನು ಪುದೀನದ ಬೇರು ಹಿಡಿದುಕೊಂಡು ಹೋಗುತ್ತಿದ್ದ. ಕರೆಂಟಿನ ಮೀಟರ್ ನೋಡಲು ಬಂದವನು ಒಮ್ಮೆ ಬದನೆ ಸಸಿಯನ್ನು ಬೈಕಿನ ಹ್ಯಾಂಡಲ್ಲಿಗೆ ಕಟ್ಟಿಕೊಂಡು ಮುಂದಿನ ಮನೆಗೆ ಹೋದದ್ದನ್ನು ನಾನೇ ಕಂಡಿದ್ದೇನೆ. ಬೇಡವೆಂದರೆ ಬಿಡುವ ಪೈಕಿ ಅವರಲ್ಲ. "ಬ್ಯಾಡ ಅನ್ನಾಕ ಇದೇನ ಕಹಿ ಔಷಧ ಏನಪಾ? ತಗೊಂಡ ಹೋಗು" ಎಂದು ಗದರಿಸಿಯೇ ಕೊಡುತ್ತಿದ್ದರು.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಜಮಖಂಡಿಯಿಂದ ಮುಧೋಳಕ್ಕೆ ವರ್ಗವಾದಾಗ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಅವರ ಪಕ್ಕದ ಮನೆ ಬಾಡಿಗೆಗೆ ಸಿಕ್ಕಿತು. ಸಾಮಾನು ಇಳಿಸುತ್ತಿರುವಾಗಲೇ ಗೋಡೆಯ ಆಚೆಯಿಂದ ಒಂದು ದೊಡ್ಡ ದನಿ ಕೇಳಿತು: "ಏ ಬಾಯಿ, ಆ ಕುಂಡದಾಗ ಏನೂ ಇಲ್ಲಲ್ಲ? ಖಾಲಿ ಕುಂಡ ಮನ್ಯಾಗ ಇಡಬಾರ್ದು." ನನಗೆ ಸಿಟ್ಟೇ ಬಂತು. ನನ್ನ ಕುಂಡ, ನನ್ನ ಮನೆ, ಇವರದೇನು ಎಂದುಕೊಂಡೆ. ಸಂಜೆ ನೋಡಿದರೆ ಆ ಕುಂಡದಲ್ಲಿ ಕರಿಬೇವಿನ ಸಸಿ ನಿಂತಿತ್ತು. ನನ್ನನ್ನು ಕೇಳಿರಲೂ ಇಲ್ಲ.

ಓಣಿಗೆಲ್ಲ ಅವರು ಮಾವಶಿ, ಎಂದರೆ ಚಿಕ್ಕಮ್ಮ. ಅವರ ಮನೆಮಾತು ಮರಾಠಿ, ಓಣಿಯ ಮಾತು ಕನ್ನಡ, ಸಿಟ್ಟು ಬಂದಾಗ ಎರಡೂ. ಬೀಳಗಿ ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾಗಿದ್ದರು. ಎಷ್ಟೋ ಹೆರಿಗೆ ಮಾಡಿಸಿದವರು. ಸುಮಿತ್ರಾಬಾಯಾರ ಕೈಗುಣ ಚಲೋ ಎಂಬ ಮಾತು ಆ ಹಳ್ಳಿಗಳಿಂದ ಅವರ ಹಿಂದೆಯೇ ಮುಧೋಳಕ್ಕೂ ಬಂದಿತ್ತು. ಕೂಸು ಹಿಡಿದ ಕೈ ಸಸಿ ಹಿಡಿದರೂ ಅಷ್ಟೇ ಎಂದು ಜನ ನಂಬಿದ್ದರು. ಹೊಸ ಮನೆ ಕಟ್ಟಿದವರು ಮೊದಲ ಗಿಡ ನೆಡಲು ಅವರನ್ನು ಕರೆಯುತ್ತಿದ್ದರು. ಅವರು ಮೇಲೆ ಮೇಲೆ ನಗುತ್ತಿದ್ದರಾದರೂ ಒಳಗೆ ಆ ನಂಬಿಕೆಯ ಮೇಲೆ ಅವರಿಗೆ ಭಾರಿ ಅಭಿಮಾನವಿತ್ತು.

ಗಂಡ ತೀರಿಕೊಂಡಾಗ ಮಾವಶಿ ಇನ್ನೂ ಹರೆಯದವರು. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ, ಖಣ, ತೆಂಗಿನಕಾಯಿ, ಅಕ್ಕಿಯನ್ನು ಸೆರಗಿನ ಮಡಿಲಿಗೆ ಹಾಕಿ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ವಿಧವೆಗೆ ಉಡಿ ತುಂಬುವ ಅಧಿಕಾರವೂ ಇಲ್ಲ, ತುಂಬಿಸಿಕೊಳ್ಳುವ ಅಧಿಕಾರವೂ ಇಲ್ಲ. ಹಾಗಾಗಿ ಮಾವಶಿ ಒದ್ದೆ ಕಾಗದದಲ್ಲಿ ಬೇರು ಸುತ್ತಿದ ಸಸಿಯನ್ನು ನಮ್ಮ ಸೆರಗಿಗೆ ಹಾಕುತ್ತಿದ್ದರು. ಒಮ್ಮೆ ನಾನು ಕೇಳಿಯೇಬಿಟ್ಟೆ, ಕೈಗೇ ಕೊಡಬಹುದಲ್ಲ, ಸೆರಗೇಕೆ ಒಡ್ಡಬೇಕು ಎಂದು. "ಖಣ ಕಾಯಿ ತುಂಬೂದು ನನಗ ಬರಂಗಿಲ್ಲ ಅಂದ್ರು. ಸಸಿ ತುಂಬಬ್ಯಾಡ ಅಂತ ಯಾರೂ ಹೇಳಿಲ್ಲಲ್ಲ ಬೇ" ಎಂದರು. ಎಂದವರು ಕಣ್ಣು ಮಿಟುಕಿಸಿ ಒಳಗೆ ಚಹಾ ಇಡಲು ಹೋದರು. ಆ ದಿನದಿಂದ ನಾನು ಸೆರಗೊಡ್ಡಲು ತಕರಾರು ಮಾಡಲಿಲ್ಲ.

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ಒಂದು ಮನೆಗೆ ಒಂದು ಜಾತಿಯದು ಒಂದೇ ಸಸಿ. "ಎರಡ ಕೊಟ್ರ ಒಂದ ಸತ್ರೂ ನಡೀತೈತಿ ಅಂತಾರ. ಒಂದ ಇದ್ರ ಕಣ್ಣಾಗ ಕಣ್ಣಿಟ್ಟ ಕಾಯ್ತಾರ" ಎನ್ನುವುದು ಅವರ ವಾದ.

ಧಾರವಾಡದ ಕೃಷಿ ಮೇಳಕ್ಕೆ ಹೋದವರು ಯಾರೋ ಅವರಿಗೆ ಒಂದು ಸಣ್ಣ ಬೀಜದ ಪೊಟ್ಟಣ ತಂದುಕೊಟ್ಟರು. ಮೆಕ್ಸಿಕೋ ದೇಶದ ಟೊಮ್ಯಾಟಿಲ್ಲೊ. ಪೊಟ್ಟಣದ ಮೇಲಿನ ಚಿತ್ರದಲ್ಲಿ ಹಸಿರು ಕಾಯಿ ತೆಳುವಾದ ಸಿಪ್ಪೆಯೊಂದರಲ್ಲಿ ಮುಖ ಹುದುಗಿಸಿ ಕುಳಿತಿತ್ತು. ನಮ್ಮ ಹೊಲದ ಬದುವಿನಲ್ಲಿ ತಾನೇ ಹುಟ್ಟುವ ಬುಡ್ಡೆ ಹಣ್ಣಿನ ದೊಡ್ಡಣ್ಣನಂತಿತ್ತು. ಮಾವಶಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಅಗಬಾಯಿ, ಇದಕ್ಕ ಹುಟ್ಟತಲೇನ ಕುಲಾವಿ ಹಾಕ್ಯಾರಲ್ಲ!" ಎಂದರು. ಕೂಸಿನ ತಲೆಗೆ ಕಟ್ಟುವ ಟೋಪಿಯ ಹೆಸರೇ ನಿಂತು, ಅಂದಿನಿಂದ ಓಣಿಗೆಲ್ಲ ಅದು ಕುಲಾವಿ ಟಮಾಟಿ.

ಯುಗಾದಿ ಮುಗಿದ ಮೇಲೆ ಬೀಜ ಹಾಕಿದರು. ಕೊಯ್ದ ಎಣ್ಣೆ ಡಬ್ಬಿಗೆ ತಳದಲ್ಲಿ ತೂತು, ಅದರೊಳಗೆ ಜರಡಿ ಹಿಡಿದ ಮಣ್ಣು, ಹಳೆಯ ಸಗಣಿ ಗೊಬ್ಬರ. ಬೀಜ ಸಣ್ಣವೆಂದು ಉಸುಕಿನಲ್ಲಿ ಬೆರೆಸಿ ಉದುರಿಸಿದರು. ತಂಬಿಗೆಯಿಂದ ನೀರು ಹಾಕಿದರೆ ಬೀಜ ಕೊಚ್ಚಿಹೋಗುತ್ತವೆಂದು ಔಷಧದ ಬಾಟಲಿಯ ಫಿಲ್ಲರಿನಿಂದ ಹನಿ ಹನಿ ಹಾಕಿದರು. ಬಿಸಿಲಿಗೆ ಮೇಲೆ ಹಸಿ ಗೋಣಿತಟ್ಟಿನ ನೆರಳು. ಮೊಳಕೆ ಬಂದ ಬೆಳಿಗ್ಗೆ ಗೋಡೆಯಾಚೆಯಿಂದ ನನ್ನನ್ನು ಕೂಗಿದ ದನಿ ಕೇಳಿ ಏನೋ ಅನಾಹುತವಾಯಿತೆಂದು ನಾನು ಬರಿಗಾಲಲ್ಲಿ ಓಡಿದ್ದೆ.

ಸಸಿ ಕೀಳುವಾಗ ದಂಟು ಮುಟ್ಟಲು ಬಿಡುತ್ತಿರಲಿಲ್ಲ. "ಎಲಿ ಹಿಡಿ. ಎಲಿ ಹರದ್ರ ಇನ್ನೊಂದ ಬರ್ತೈತಿ, ದಂಟ ಮುರದ್ರ ಜೀವಾ ಹೋಗ್ತೈತಿ." ಎಂದಿನಂತೆ ಮನೆಗೊಂದರಂತೆ ಹಂಚಿದರು. ನಮ್ಮ ಓಣಿಗೆ, ಚಿಮ್ಮಡದ ಗೆಳತಿಗೆ, ಸಮೀರವಾಡಿಯ ಸೋದರ ಸೊಸೆಗೆ, ರಬಕವಿಯಿಂದ ಸೀರೆ ಮಾರಲು ಬರುತ್ತಿದ್ದ ಹೆಂಗಸಿಗೆ. ತಮಗೂ ಒಂದನ್ನೇ ಹಳೆಯ ಬಕೆಟ್ಟಿನಲ್ಲಿ ನೆಟ್ಟು ಇಟ್ಟುಕೊಂಡರು.

ಗಿಡ ಬೆಳೆಯಿತು, ಹಳದಿ ಹೂವು ಬಿಟ್ಟಿತು. ಬಿಟ್ಟ ಹೂವೆಲ್ಲ ಉದುರಿತು. ಮತ್ತೆ ಬಿಟ್ಟಿತು, ಮತ್ತೆ ಉದುರಿತು. ಮಾವಶಿ ಬೇವಿನ ಹಿಂಡಿ ಹಾಕಿದರು, ಮಜ್ಜಿಗೆ ಸಿಂಪಡಿಸಿದರು, ಜಾಗ ಬದಲಿಸಿದರು. ಒಂದೇ ಒಂದು ಕಾಯಿ ಹಿಡಿಯಲಿಲ್ಲ. ಕೊಟ್ಟ ಮನೆಗಳಿಂದಲೂ ಅದೇ ಸುದ್ದಿ ಬರತೊಡಗಿತು. ಎದುರು ಮನೆಯ ಶಾಂತವ್ವ ನೇರ ಬಾಯಿಯವಳು. ಒಂದು ದಿನ ಕಟ್ಟೆಯ ಮೇಲೆ ಎಲ್ಲರೂ ಇರುವಾಗಲೇ ಅಂದುಬಿಟ್ಟಳು: "ಬಾಯಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಎಲ್ಲಾರ ಮನ್ಯಾಗೂ ಹಿಂಗ ಆಗೈತಿ ಅಂದ್ರ, ನಿಮ್ಮ ಕೈಗುಣ ಹೋತೇನ್ರಿ?"

ಗದರುವ ಮಾವಶಿ ಗದರಲಿಲ್ಲ. ತಮ್ಮ ಅಂಗೈ ನೋಡಿಕೊಂಡು ಎದ್ದು ಒಳಗೆ ಹೋದರು. ಅಂದಿನಿಂದ ಸಸಿ ಕೊಡುವುದು ನಿಂತಿತು. ಬದನೆ, ಮೆಣಸಿನ ಸಸಿಗಳು ಮಡಿಯಲ್ಲೇ ಬಲಿತು ಒತ್ತೊತ್ತಾಗಿ ಹಾಳಾಗುತ್ತಿದ್ದರೂ ಯಾರಿಗೂ ಕೊಡಲಿಲ್ಲ. ನಾನಾಗಿಯೇ ಸೆರಗೊಡ್ಡಿ ನಿಂತರೆ, "ಬ್ಯಾಡ ಬೇ. ನಿನ್ನ ಮನಿಗೆ ಚಲೋದಾಗಬೇಕು" ಎಂದು ಮುಖ ತಿರುಗಿಸಿದರು. ಸಸಿ ಕೊಡುವ ಆ ಒಂದು ಕೆಲಸದಿಂದಲೇ ಅವರು ಓಣಿಯ ಹೆಂಗಸರ ನಡುವೆ ತಲೆಯೆತ್ತಿ ನಿಂತಿದ್ದರು. ಅದನ್ನು ತಾವೇ ಬಿಟ್ಟುಕೊಟ್ಟಿದ್ದರು.

ಶ್ರಾವಣದಲ್ಲಿ ಘಟಪ್ರಭೆ ಓಣಿಯೊಳಗೆ ಬಂತು. ಊರಿನ ಎತ್ತರದ ಭಾಗದಲ್ಲಿದ್ದ ನಮ್ಮ ಶಾಲೆಯೇ ಕಾಳಜಿ ಕೇಂದ್ರವಾಯಿತು. ಮನೆ ಬಿಟ್ಟು ಬಂದವಳೂ ನಾನೇ, ಬಂದವರಿಗೆ ಚಾಪೆ ಹಂಚುವವಳೂ ನಾನೇ. ಮಾವಶಿ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕಂಕುಳಲ್ಲಿ ಆ ಕುಲಾವಿ ಟಮಾಟಿಯ ಬಕೆಟ್ಟು ಹಿಡಿದು ಟ್ರ್ಯಾಕ್ಟರಿನಿಂದ ಇಳಿದರು. ಹಿಂದೆಯೇ ಇಳಿದ ಶಾಂತವ್ವನ ಕಂಕುಳಲ್ಲೂ ಅಂಥದೇ ಬಕೆಟ್ಟು! "ಕಾಯಿ ಬಿಡದ ಗಿಡ ಯಾಕ ಹೊತ್ತ ತಂದಿ?" ಎಂದು ಮಾವಶಿ ಕೇಳಿದರು. "ಮತ್ತೇನ್ರಿ, ನೀವು ಉಡಿಯಾಗ ಹಾಕಿದ್ದು. ನೀರಾಗ ಬಿಟ್ಟ ಬರಾಕ ಆಗತೈತೇನ್ರಿ?" ಎಂದಳು ಶಾಂತವ್ವ. ಎರಡೂ ಬಕೆಟ್ಟುಗಳನ್ನು ವರಾಂಡದ ಕೊನೆಯಲ್ಲಿ ಒತ್ತಿಟ್ಟೆವು.

ನೀರು ಇಳಿದ ಮೇಲೆ ಎಲ್ಲರೂ ಮನೆಯ ಕೆಸರು ಬಳಿಯಲು ಹೋದರು. ಗಿಡಗಳು ಶಾಲೆಯಲ್ಲೇ ಉಳಿದವು. ಒಂದು ಬೆಳಿಗ್ಗೆ ನೀರು ಹಾಕಲು ಹೋದರೆ ಎರಡು ಗಿಡಗಳ ಕೊಂಬೆಗಳಲ್ಲೂ ಹಸಿರು ಕುಲಾವಿಗಳು ಜೋತಾಡುತ್ತಿದ್ದವು. ಹಿಚುಕಿ ನೋಡಿದೆ, ಒಳಗೆ ಗಟ್ಟಿ ಕಾಯಿ. ಪಾಠ ಬಿಟ್ಟು ಮಾವಶಿಯನ್ನು ಕರೆತಂದೆ. ಅವರು ಒಂದು ಗಿಡ ನೋಡಿದರು, ಇನ್ನೊಂದು ನೋಡಿದರು, ಹೂವಿನಿಂದ ಹೂವಿಗೆ ಹಾರುತ್ತಿದ್ದ ಜೇನುಹುಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಣೆ ಬಡಿದುಕೊಂಡು ನಗತೊಡಗಿದರು. "ಇವಕ್ಕ ಜೋಡಿ ಬೇಕಾಗಿತ್ತ ಬೇ! ನಾನ ಮನಿಗೊಂದ ಮನಿಗೊಂದ ಅಂತ ಒಂಟಿ ಮಾಡಿ ಒಗದೆ. ಕೈಯಾಗ ಏನೂ ಆಗಿಲ್ಲ, ತಲ್ಯಾಗ ಆಗಿತ್ತು!" ನಮ್ಮ ವಿಜ್ಞಾನದ ಮೇಷ್ಟ್ರು ಪುಸ್ತಕ ತಿರುವಿ, ಈ ಗಿಡಕ್ಕೆ ತನ್ನದೇ ಹೂವಿನ ಪರಾಗ ಹತ್ತುವುದಿಲ್ಲ, ಒತ್ತಿಗೇ ಇನ್ನೊಂದು ಗಿಡ ಬೇಕು, ಗೋಡೆಗಳಾಚೆ ಒಂದೊಂದಿದ್ದರೆ ಸಾಲದು ಎಂದು ಅದನ್ನೇ ಹೇಳಿದರು.

ಆ ಕಾಯಿಗಳನ್ನು ಹಂಚಿನ ಮೇಲೆ ಸುಟ್ಟು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಶೇಂಗಾ ಹಾಕಿ ಕುಟ್ಟಿದ ಚಟ್ನಿಯನ್ನು ಓಣಿಯೆಲ್ಲ ರೊಟ್ಟಿಗೆ ಹಚ್ಚಿಕೊಂಡು ತಿಂದಿತು. ನಿಯಮ ಮುರಿದುಬಿತ್ತು. ಮಾವಶಿ ಮತ್ತೆ ಬೀಜ ಹಾಕಿ, ಹಿಂದೆ ಕೊಟ್ಟ ಮನೆಗಳಿಗೆಲ್ಲ ಬಸ್ಸಿನಲ್ಲಿ ಹೋಗಿ ಜೋಡಿ ಸಸಿ ಕೊಟ್ಟು ಬಂದರು. ಹೋದಲ್ಲೆಲ್ಲ "ತಪ್ಪ ನಂದು, ಗಿಡದ್ದಲ್ಲ" ಎಂದು ಹೇಳುತ್ತಿದ್ದರಂತೆ. ತಪ್ಪೊಪ್ಪಿಕೊಳ್ಳಲು ಅಷ್ಟು ಖುಷಿಯಿಂದ ಊರೂರು ತಿರುಗಿದವರನ್ನು ನಾನು ಬೇರೆ ಕಂಡಿಲ್ಲ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಮಲಗಿದ ಮಾವಶಿ ಮತ್ತೆ ಏಳಲಿಲ್ಲ. ದಿನಕರ್ಮ ಮುಗಿಯುವ ಮೊದಲು ಓಣಿಯ ಹೆಂಗಸರೆಲ್ಲ ಅವರ ಅಂಗಳದಲ್ಲಿ ಕುಳಿತಿದ್ದೆವು. ಮೂಲೆಯ ಡಬ್ಬಿಗಳಲ್ಲಿ ಕುಲಾವಿ ಟಮಾಟಿಯ ಸಸಿಗಳು ಕೊಡುವ ಹದಕ್ಕೆ ಬಂದು ನಿಂತಿದ್ದವು. ಸತ್ತ ಮನೆಯಿಂದ ಹೊರಡುವಾಗ ಬರ್ತೇನೆ ಎಂದು ಸಹ ಹೇಳುವುದಿಲ್ಲ, ಏನನ್ನೂ ಒಯ್ಯುವುದಂತೂ ದೂರ. ಎಲ್ಲರ ಕಣ್ಣೂ ಸಸಿಗಳ ಮೇಲಿತ್ತು. ಆಗ ಶಾಂತವ್ವ ಎದ್ದು, ಹಳೆಯ ಪೇಪರು ಒದ್ದೆ ಮಾಡಿ ಬೇರು ಸುತ್ತತೊಡಗಿದಳು.

"ಏ ಶಾಂತವ್ವ, ಸೂತಕದ ಮನ್ಯಾಗ ಯಾರರೆ ಉಡಿ ತುಂಬತಾರೇನ?" ಎಂದರು ಹಿರಿಯ ಹೆಂಗಸೊಬ್ಬರು.

"ಬಾಯಾರ ನಮಗ ಕೊಡಾಕಂತ ಮಾಡಿಟ್ಟಾರ್ರಿ. ಕೊಡಲಿಲ್ಲಂದ್ರ ಇಲ್ಲೇ ಒಣಗತಾವು. ಅದಕ್ಕಿಂತ ದೊಡ್ಡ ಸೂತಕ ಯಾವುದೈತ್ರಿ?" ಎಂದಳು ಶಾಂತವ್ವ. ಕುಳಿತವರ ಸಾಲಿನಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತಳು, ಒಬ್ಬೊಬ್ಬರ ಸೆರಗಿಗೂ ಜೋಡಿ ಸಸಿ ಹಾಕಿದಳು. ನನ್ನ ಸೆರಗು ತುಂಬಿದಾಗ ಕಣ್ಣು ತುಂಬಿ ಅವಳ ಮುಖ ಕಾಣಲಿಲ್ಲ. ಕೊನೆಗೆ ಗೋಡೆಗೆ ಒರಗಿ ಹಿಂದೆ ಕುಳಿತಿದ್ದ ಮುದುಕಿಯೊಬ್ಬರ ಮುಂದೆ ಹೋದಳು. ಗಂಡ ಹೋದ ಮೇಲೆ ಯಾರ ಮನೆಯಲ್ಲೂ ಸೆರಗು ಒಡ್ಡದವರು. ಗಾಬರಿಯಾಗಿ ಕೈ ಮುಂದೆ ಮಾಡಿದರು.

"ಕೈ ಅಲ್ಲಬೇ ಯವ್ವಾ," ಎಂದಳು ಶಾಂತವ್ವ, "ಉಡಿ ಹಿಡಿ."