ಡಾಕ್ಟರ ಮೇಜಿನ ಮೇಲೆ ಬಡಿದ ರೊಟ್ಟಿ

ಬೆಳಗಿನ ಐದೂವರೆ. ಲಂಡನ್ನಿನ ರೇನರ್ಸ್ ಲೇನ್‌ನ ದಿನಸಿ ಅಂಗಡಿಯೊಂದರ ಹಿಂದಿನ ಅಡುಗೆಮನೆಯಲ್ಲಿ ಬಸಲಿಂಗವ್ವ ಎಡಗೈಯಿಂದ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಬಲಗೈ ಹಿಟ್ಟಿನ ಅಂಚನ್ನು ಒತ್ತಿ ಹಿಡಿದಿದೆ, ಅಷ್ಟೇ. ಮೊಣಕೈಯಿಂದ ಬೆರಳ ತುದಿಯವರೆಗೆ ಚರ್ಮ ಬಿಗಿದು ಹೊಳೆಯುತ್ತದೆ. ಮೂರು ಬೆರಳು ಪೂರ್ತಿ ಬಿಚ್ಚುವುದಿಲ್ಲ. ಹಂಚಿನ ಹತ್ತಿರ ಹೋಗುವಾಗ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಬಿಸಿ ತಿಳಿಯುವುದಿಲ್ಲ.

ಬಾದಾಮಿ ಕಡೆಯ ಈ ಹೆಣ್ಣುಮಗಳಿಗೆ ಈಗ ಐವತ್ತಮೂರು. ಕೆಂಟನ್, ಹ್ಯಾರೋ ಸುತ್ತಿನ ಕನ್ನಡ ಮನೆಗಳಿಗೆ ಅವರ ರೊಟ್ಟಿ ಹೋಗುತ್ತದೆ. ಬಡಿದವರು ಯಾರೆಂದು ತಿಂದವರಿಗೆ ಗೊತ್ತಿಲ್ಲ. ಮೊದಲು ದಿನಕ್ಕೆ ಇನ್ನೂರು ಬಡಿಯುತ್ತಿದ್ದರು. ಈಗ ಎಂಬತ್ತು.

ಎರಡು ವರ್ಷದ ಹಿಂದೆ, ಬೇರೊಂದು ಅಡುಗೆಮನೆಯಲ್ಲಿ, ಕರಿಯುವ ಯಂತ್ರದಿಂದ ಎಣ್ಣೆ ಇಳಿಸುವ ನಲ್ಲಿ ಕಿತ್ತುಬಂದು ಕಾದ ಎಣ್ಣೆ ಬಲಗೈ ಮೇಲೆ ಸುರಿಯಿತು. ಐದು ವಾರ ಆಸ್ಪತ್ರೆ, ಎರಡು ಸಲ ಚರ್ಮದ ಕಸಿ. ನಲ್ಲಿ ಕೆಟ್ಟಿತ್ತೆಂದು ಆ ಅಡುಗೆಮನೆಯ ಮಾಲೀಕರ ವಿಮೆಯವರು ಒಪ್ಪಿದ್ದಾರೆ. ಆದರೆ ಕೈ ವಾಸಿಯಾಗಿದೆಯಲ್ಲ ಎನ್ನುತ್ತಿದ್ದರು. ಪರಿಹಾರದ ದಾವೆ ಸಿಕ್ಕಿಕೊಂಡದ್ದು ಅಲ್ಲೇ.

ಸಿಕ್ಕಿಸಿದವರು ಸ್ವತಃ ಬಸಲಿಂಗವ್ವ. ದಾವೆಗಾಗಿ ಕೈ ಪರೀಕ್ಷಿಸುವ ದೊಡ್ಡ ಡಾಕ್ಟರ ಬಳಿಗೆ ತುಂಬುತೋಳಿನ ಕುಬಸ ತೊಟ್ಟು, ಕೈತುಂಬ ಹಸಿರು ಬಳೆಯಿಟ್ಟು ಹೋಗಿದ್ದರು. ಹೇಗಿದ್ದೀರಿ ಎಂದದ್ದಕ್ಕೆ, "ಆರಾಮ್ ಅದೀನ್ರಿ." ನೋವು? "ಏನಿಲ್ರಿ." ಕೆಲಸ? "ಮಾಡ್ತೀನ್ರಿ." ದುಭಾಷಿ ಹೇಳಿದ್ದೆಲ್ಲ ವರದಿಗೆ ಬಿತ್ತು: ಕಸಿ ಕೂಡಿಕೊಂಡಿದೆ, ಬೆರಳ ಬಿಗಿತದಿಂದ ಕೆಲಸಕ್ಕೆ ಅಡ್ಡಿಯಿಲ್ಲ.

ಅದನ್ನೋದಿದ ವಕೀಲೆ ಮಾಳವಿಕಾ, ಮೈಸೂರಿನ ಡಾಕ್ಟರ್ ದಂಪತಿಯ ಮಗಳು, ಹಣೆ ಚಚ್ಚಿಕೊಂಡರು. "ಅಮ್ಮಾ, ನಿಮ್ಮ ಕೇಸ್ ನೀವೇ ಸೋಲಿಸ್ತಿದ್ದೀರಲ್ಲ!"

"ಮತ್ತೇನನ್ಲಿ ತಂಗಿ? ಹೆಂಗದೀರಿ ಅಂತ ಕೇಳಿದವರ ಮುಂದ ಅಳಕೋತ ಕುಂದರ್ಲೇನು?"

ಮಾಳವಿಕಾ ಪತ್ರದ ಮೇಲೆ ಪತ್ರ ಬರೆದ ಮೇಲೆ ಅದೇ ಡಾಕ್ಟರು ಮತ್ತೊಮ್ಮೆ ನೋಡಲು ಒಪ್ಪಿದರು. ಈ ಸಲ ಬಸಲಿಂಗವ್ವ ಬಳೆ ಹಾಕಲಿಲ್ಲ. ಚೀಲದಲ್ಲಿ ರೊಟ್ಟಿ ಬಡಿಯುವ ಅಗಲ ತಟ್ಟೆ ಪರಾತ, ಡಬ್ಬಿಯಲ್ಲಿ ನಾದಿದ ಹಿಟ್ಟು. "ಬಾಯಿಲೆ ಹೇಳಾಕ ನನಗ ಬರಂಗಿಲ್ಲ. ಬಡದ ತೋರಸ್ತೀನಿ," ಎಂದು ಡಾಕ್ಟರ ಮೇಜಿನ ಮೇಲೆಯೇ ಪರಾತವಿಟ್ಟರು. ಬಲಗೈಯ ಹನ್ನೆರಡನೇ ಏಟಿಗೆ ಬೆರಳು ಮಡಚಿಕೊಂಡವು. ರೊಟ್ಟಿ ನಡುವೆ ಹರಿಯಿತು. ಡಾಕ್ಟರು ಪೆನ್ನು ಕೆಳಗಿಟ್ಟು ಆ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು.

ಹೊಸ ವರದಿ ಕಳೆದ ವಾರ ಬಂದಿದೆ. ಕೈ ಮೊದಲಿನಂತಾಗದು, ಬೆರಳು ಬಿಡಿಸಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕು ಎಂದಿದೆ. ವಿಮೆಯವರು ತಾವಾಗಿ ಮಾತುಕತೆಗೆ ಕರೆದಿದ್ದಾರೆ. ಬಸಲಿಂಗವ್ವ ಹಗುರಾಗಿದ್ದಾರೆ. "ಇನ್ನೂರು ಬ್ಯಾಡ. ಬಲಗೈಲೆ ಒಂದ ರೊಟ್ಟಿ ಗುಂಡಗ ಬಡದ್ರ ಸಾಕು," ಎನ್ನುತ್ತಾ ಎಪ್ಪತ್ತನೆಯದನ್ನು ಹಂಚಿಗೆ ಹಾಕುತ್ತಾರೆ.

ಎಂಟಕ್ಕೆ ಮಾತುಕತೆಯ ಕಾಗದ ಹಿಡಿದು ಮಾಳವಿಕಾ ಒಳಬರುತ್ತಾರೆ. "ಹೇಗಿದ್ದೀರಮ್ಮಾ?"

ಬಸಲಿಂಗವ್ವ ಬಾಯಿ ತೆರೆದು, ತಡೆದು, ನಗುತ್ತಾರೆ.

"ಕೈ ನೆಟ್ಟಗಿಲ್ಲ. ಉಳದದ್ದೆಲ್ಲಾ ಆರಾಮ್. ಹಿಂಗ ಬರಕೋ, ತಂಗಿ."