ಹುಳು ಹಣ್ಣಾದ ದಿನ ನನ್ನ ಫ್ರೆಂಚ್ ಪರೀಕ್ಷೆ

ಒಲೆಯ ಮೇಲೆ ರಾಗಿ ಹಿಟ್ಟು ತಿರುವುತ್ತಿದ್ದೆ. ಕೋಲು ಸುತ್ತು ಬಂದಾಗಲೆಲ್ಲ ಬಾಯಿ ‘ಜ ಸ್ವಿ, ತು ಎ, ಎಲ್ ಎ’ ಎನ್ನುತ್ತಿತ್ತು. ನಾನಿದ್ದೇನೆ, ನೀನಿದ್ದೀಯ, ಅವಳಿದ್ದಾಳೆ. ಮಾರನೆಯ ದಿನ ಹತ್ತು ಗಂಟೆಗೆ ಬೆಂಗಳೂರಿನಲ್ಲಿ ನನ್ನ ಮೊದಲ ಫ್ರೆಂಚ್ ಪರೀಕ್ಷೆ. ಆ ಹೊತ್ತಿಗೆ ಪಕ್ಕದ ಮನೆಯವಳು ಹಿತ್ತಲ ಬಾಗಿಲಿಗೆ ಬಂದಳು.

“ಅಕ್ಕೋ, ಮುದ್ದೆಗೂ ಮಂತ್ರ ಏಳ್ತಿದ್ದೀಯಾ? ನಮ್ ಉಳ ಅಣ್ಣಾಗ್ಬುಟ್ಟೊ ಕಣಕ್ಕ! ಇನ್ನೂ ಎಲ್ಡ್ ದಿನ ಐತೆ ಅಂದ್ಕಂಡಿದ್ದೆ, ಈ ಬಿಸ್ಲಿಗೆ ಬಿರ್ನೆ ಬಂದ್ಬುಟ್ಟೊ. ನಾಳೆ ಒತ್ತಾರೆಗೇ ಬಂದ್ಬುಡು.”

“ಬತ್ತೀನಿ ಓಗು,” ಎಂದುಬಿಟ್ಟೆ.

ರೇಷ್ಮೆ ಹುಳು ಹಣ್ಣಾಗಿ ನೂಲು ಬಿಡಲು ಸಿದ್ಧವಾದರೆ ಕಾಯುವುದಿಲ್ಲ. ಒಂದೊಂದನ್ನೇ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೆಯೇ ನೂಲು ಬಿಟ್ಟು ಗೂಡು ಕೆಡುತ್ತದೆ. ಅದಕ್ಕೇ ನಮ್ಮಲ್ಲಿ ಮುಯ್ಯಾಳು. ನಮ್ಮ ಹುಳುವಿಗೆ ಅವರು ಬರುತ್ತಾರೆ, ಅವರ ಹುಳುವಿಗೆ ನಾವು ಹೋಗುತ್ತೇವೆ. ಹಿಂದಿನ ತಿಂಗಳು ನಮ್ಮ ಹುಳು ಹಣ್ಣಾದಾಗ ಇವಳು ಮೈ ಸುಡುವ ಜ್ವರದಲ್ಲೂ ಬಂದು ಸಂಜೆಯವರೆಗೆ ಕುಳಿತಿದ್ದಳು.

ಈ ಫ್ರೆಂಚ್ ನನಗೆ ಅಂಟಿದ್ದು ಮಗಳಿಂದ. ಫೋನಿನಲ್ಲಿ ಪಾಠ ಹೇಳುವ ಟೀಚರ್ ಹತ್ತಿರ ಅವಳನ್ನು ಸೇರಿಸಿದೆವು. ಅವಳಿಗೆ ಬೇಗ ಬೇಸರವಾಯಿತು. ಕಟ್ಟಿದ ಫೀಸು ದಂಡವಾಗಬಾರದೆಂದು ನಾನು ಕುಳಿತೆ. ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ. ಯಾಕೆಂದು ಕೇಳಿದರೆ ಟೀಚರಿಗೂ ಗೊತ್ತಿಲ್ಲ, ಬಾಯಿಪಾಠ ಮಾಡಿ ಎಂದರು. ನಮ್ಮ ಹಾಗೆ ಅವರಿಗೂ ನೀನು, ನೀವು ಎರಡೂ ಉಂಟು. ದೇವರಿಗೆ ಏನನ್ನುತ್ತಾರೆ ಎಂದು ಕೇಳಿದೆ. ‘ತು’ ಅಂದರೆ ನೀನು ಎಂದೇ ಅನ್ನುತ್ತಾರಂತೆ. ಅಂದಿನಿಂದ ಆ ಭಾಷೆ ನನಗೆ ಪರಕೀಯ ಅನ್ನಿಸಲಿಲ್ಲ. ಪಿಯುಸಿ ಪರೀಕ್ಷೆಗೆ ಮೊದಲೇ ಮದುವೆಯಾದವಳು ನಾನು. ಹಾಲ್ ಟಿಕೆಟ್ಟಿನಲ್ಲಿ ನನ್ನ ಹೆಸರು ನೋಡಿ ದೇವರ ಮುಂದಿಟ್ಟು ಕೈ ಮುಗಿದಿದ್ದೆ.

ಮುದ್ದೆ ಕಟ್ಟುತ್ತ ಅತ್ತೆಗೆ ಹೇಳಿದೆ. “ನನ್ನ ಬದಲು ಒಬ್ಬ ಆಳಿಗೆ ಕೂಲಿ ಕೊಟ್ಟು ಕಳಿಸಿದ್ರೆ ಆಗಲ್ವಾ ಅತ್ತೆ?”

“ಕೂಲಿ ಕೊಟ್ರೆ ಅದು ಮುಯ್ಯಾ? ಜರ ಬಂದಿದ್ದಾಗ ಅವ್ಳು ಆಳು ಕಳ್ಸಿದ್ಲಾ?” ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, “ನನ್ ಕಣ್ಣು ನೆಟ್ಟಗಿದ್ದಿದ್ರೆ ನಾನೇ ಓಗ್ತಿದ್ದೆ ಕಣವ್ವ. ಈಗ ಯಾವ್ದು ಅಣ್ಣು, ಯಾವ್ದು ಕಾಯಿ, ಒಂದೂ ತಿಳಿಯಾಕಿಲ್ಲ,” ಎಂದರು.

ಅವರಿಗೂ ಸಂಕಟವಾಗಿತ್ತು. ಯಜಮಾನರು ಬಿಡದಿಯ ಕಾರ್ಖಾನೆಯಲ್ಲಿ ಹಗಲು ಪಾಳಿಯಲ್ಲಿದ್ದರು, ಮಗಳಿಗೆ ಶಾಲೆಯಿತ್ತು. ಟೀಚರಿಗೆ ಫೋನು ಮಾಡಿದೆ. ಮುಂದಿನ ಪರೀಕ್ಷೆ ಇನ್ನು ಆರು ತಿಂಗಳಿಗೆ ಎಂದರು. ಅಷ್ಟರಲ್ಲಿ ಇನ್ನೆಷ್ಟು ಬೆಳೆ, ಇನ್ನೆಷ್ಟು ಮುಯ್ಯಿ! ಯಾರನ್ನು ದೂರಲಿ? ಬಾಗಿಲುಗಳೆಲ್ಲ ತೆರೆದೇ ಇದ್ದವು, ಆದರೂ ಹೊರಗೆ ಕಾಲಿಡಲಾಗಲಿಲ್ಲ. ಪಕ್ಕದವಳಿಗೆ ಪರೀಕ್ಷೆಯ ವಿಷಯ ಹೇಳಿರಲಿಲ್ಲ, ಅದೊಂದು ಪುಣ್ಯ. ಗೊತ್ತಿದ್ದರೆ ನನ್ನನ್ನು ಕರೆಯಲಾರದೆ ಅವಳೇ ಒದ್ದಾಡುತ್ತಿದ್ದಳು.

ಮರುದಿನ ಅವಳ ಮನೆಯಲ್ಲಿ ಕೈಕಾಲು ತೊಳೆದು ಒಳಗೆ ಕುಳಿತೆ. ಹುಳುಗಳು ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಅತ್ತಿತ್ತ ನೂಲಿಗೆ ಜಾಗ ಹುಡುಕುತ್ತಿದ್ದವು. ಗಡಿಯಾರ ಹತ್ತು ತೋರಿಸಿದಾಗ ಪ್ರಶ್ನೆಪತ್ರಿಕೆ ಕೊಟ್ಟಿರುತ್ತಾರೆ ಎಂದುಕೊಂಡೆ.

“ಯಾಕಕ್ಕ ಇವತ್ತು ಮಾತೇ ಇಲ್ಲ?” ಎಂದಳು.

“ಮೊದ್ಲು ಕೈ ನೋಡು, ಕಾಯಿ ಉಳಾನೂ ಸೇರಿಸ್ತಿದ್ದೀಯ,” ಎಂದೆ.

ಗೂಡು ಚೆನ್ನಾಗಿ ಕಟ್ಟಲಿ ತಾಯಿ ಎಂದು ಬೇಡಿಕೊಂಡೆ. ಆ ಬೇಡಿಕೆ ಸುಳ್ಳಾಗಿರಲಿಲ್ಲ. ಸಂಜೆ ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು, ನಾಳೆಯ ಸಾರಿಗೆ ಹುರುಳಿಕಾಳು ನೆನೆಹಾಕಿದೆ.